ಹೆಸರು ಮುಚ್ಚಿದ ವರದಿಯನ್ನು ಓದುವುದು ಹೇಗೆ?

ಪ್ರಶ್ನೆ: ನಾನು ಕುಟುಂಬದ ಜೊತೆ ಕೆನಡಾದ ಬ್ರಾಂಪ್ಟನ್‌ನಲ್ಲಿ ಇದ್ದೇನೆ. ಇಲ್ಲಿನ ಚುನಾವಣೆಗಳಲ್ಲಿ ವಿದೇಶಗಳು ಕೈಯಾಡಿಸಿದ ಬಗ್ಗೆ ಸಂಸದರ ಸಮಿತಿಯೊಂದು ತನಿಖೆ ಮಾಡಿತು. 2024ರ ಜೂನ್‌ನಲ್ಲಿ ಅದರ ವರದಿ ಹೊರಗೆ ಬಂತು. ಕೆಲವು ಜನಪ್ರತಿನಿಧಿಗಳು ಗೊತ್ತಿದ್ದೂ ವಿದೇಶಿ ಸರ್ಕಾರಗಳಿಗೆ ನೆರವಾದರು ಅಂತ ಅದರಲ್ಲಿದೆ, ಆದರೆ ಹೆಸರುಗಳನ್ನೆಲ್ಲ ಮುಚ್ಚಿದ್ದಾರೆ. ಪೂರ್ತಿ ವರದಿ ಓದಿದ ಒಬ್ಬ ನಾಯಕಿ ನಿರಾಳವಾಯಿತು ಅಂದರು, ಇನ್ನೊಬ್ಬ ನಾಯಕ ಇದು ದೇಶದ್ರೋಹ ಅಂದರು. ಯಾರನ್ನು ನಂಬುವುದು? ಹೆಸರು ಮುಚ್ಚಿದ್ದು ಯಾರನ್ನು ಉಳಿಸುವುದಕ್ಕೆ? ವರದಿಯಲ್ಲಿ ಭಾರತದ ಪ್ರಸ್ತಾಪವೂ ಇದೆ. ನಮ್ಮ ಕನ್ನಡ ಬಳಗದಲ್ಲಿ ಕೆಲವರು ಕಾನ್ಸುಲೇಟ್‌ನವರ ಕಾರ್ಯಕ್ರಮಕ್ಕೆ ಹೋಗುವುದಕ್ಕೂ ಹಿಂಜರಿಯುತ್ತಿದ್ದಾರೆ. ಸ್ವಲ್ಪ ವಿವರವಾಗಿ ಹೇಳ್ತೀರಾ?

ಉತ್ತರ: ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಸರು ಮುಚ್ಚಿದ್ದು ಈ ವರದಿಯ ದೊಡ್ಡ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಆರೋಪವನ್ನು ಊರಿಗೆಲ್ಲ ಸಾರಿ, ಅದಕ್ಕೆ ಆಧಾರ ಏನು ಎಂಬುದನ್ನು ಮಾತ್ರ ಒಳಗಿಟ್ಟರಲ್ಲ, ಅದು ದೊಡ್ಡ ತಪ್ಪು. ಇದರಿಂದ ತಪ್ಪು ಮಾಡಿದವರಿಗೆ ಶಿಕ್ಷೆ ಆಗಲಿಲ್ಲ. ತಪ್ಪು ಮಾಡದವರಿಗೆ ಬಿಡುಗಡೆಯೂ ಸಿಗಲಿಲ್ಲ. ಮಧ್ಯದಲ್ಲಿ ನಿಮ್ಮಂಥ ಮತದಾರರು ಯಾರನ್ನು ನೋಡಿದರೂ ಅನುಮಾನ ಪಡುವ ಹಾಗಾಯಿತು.

ಮೊದಲು ಈ ಸಮಿತಿ ಯಾವುದು ಅಂತ ನೋಡೋಣ, ಯಾಕೆಂದರೆ ಅರ್ಧ ಗೊಂದಲ ಅಲ್ಲೇ ಇದೆ. ರಾಷ್ಟ್ರೀಯ ಭದ್ರತೆ ಮತ್ತು ಗುಪ್ತಚರ ವಿಷಯಗಳ ಸಂಸದರ ಸಮಿತಿ ಇದು, ಚಿಕ್ಕದಾಗಿ ಎನ್‌ಸೈಕಾಪ್ (NSICOP) ಅಂತ ಕರೆಯುತ್ತಾರೆ. 2017ರ ಕಾನೂನಿನಿಂದ ಹುಟ್ಟಿದ್ದು. ಬೇರೆ ಬೇರೆ ಪಕ್ಷಗಳ ಸಂಸದರೂ ಸೆನೆಟರ್‌ಗಳೂ ಇದರಲ್ಲಿ ಇರುತ್ತಾರೆ. ಆದರೆ ಇದು ಪಾರ್ಲಿಮೆಂಟಿನ ಮಾಮೂಲಿ ಸಮಿತಿ ಅಲ್ಲ. ಸದಸ್ಯರೆಲ್ಲ ಟಾಪ್ ಸೀಕ್ರೆಟ್ ಮಟ್ಟದ ಕ್ಲಿಯರೆನ್ಸ್ (ಅತಿ ಗೋಪ್ಯ ದಾಖಲೆಗಳನ್ನು ನೋಡುವ ಅನುಮತಿ) ಪಡೆಯಬೇಕು, ಜೀವನಪೂರ್ತಿ ಗುಟ್ಟು ಕಾಯುವ ಪ್ರಮಾಣ ಮಾಡಬೇಕು. ಸದನದೊಳಗೆ ಏನು ಮಾತಾಡಿದರೂ ಕೇಸು ಇಲ್ಲ ಎಂಬ ಸಂಸದರ ರಕ್ಷಣೆಯೂ ಈ ಗುಟ್ಟುಗಳ ವಿಷಯದಲ್ಲಿ ಅವರಿಗೆ ಸಿಗುವುದಿಲ್ಲ. ಸಮಿತಿ ತನ್ನ ವರದಿಯನ್ನು ಪ್ರಧಾನಿಗೆ ಕೊಡುತ್ತದೆ. ರಾಷ್ಟ್ರದ ಭದ್ರತೆ, ರಕ್ಷಣೆ, ವಿದೇಶ ಸಂಬಂಧ, ವಕೀಲರ ಜೊತೆಗಿನ ಗೋಪ್ಯ ಮಾತುಕತೆ, ಈ ನಾಲ್ಕರಲ್ಲಿ ಯಾವುದಕ್ಕಾದರೂ ಧಕ್ಕೆ ಆಗುತ್ತದೆ ಅನ್ನಿಸಿದ ಭಾಗಗಳನ್ನು ತೆಗೆದು ಹೊಸ ಪ್ರತಿ ಮಾಡಿ ಅಂತ ಪ್ರಧಾನಿ ಹೇಳಬಹುದು. ಸದನದ ಮುಂದೆ ಬರುವುದು ಆ ಕತ್ತರಿಸಿದ ಪ್ರತಿ.

ಈ ಬಾರಿಯೂ ಹಾಗೇ ಆಯಿತು. 2024ರ ಮಾರ್ಚ್ 22ರಂದು ಪೂರ್ತಿ ವರದಿ ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊ ಕೈಗೆ ಹೋಯಿತು. ಜೂನ್ 3ರಂದು ಸಾರ್ವಜನಿಕ ಪ್ರತಿ ಬಂತು. ಸಮಿತಿ ಸುಮಾರು 4,000 ದಾಖಲೆಗಳನ್ನು, 33,000ಕ್ಕೂ ಹೆಚ್ಚು ಪುಟಗಳನ್ನು ನೋಡಿತ್ತು. ಹಾಗಾಗಿ ಸುಮ್ನೆ ಗಾಳಿಮಾತು ಕೇಳಿ ಬರೆದ ವರದಿ ಇದಲ್ಲ. ಈ ಮಾತು ನೆನಪಿರಲಿ, ಮುಂದೆ ನಾನು ಇದೇ ವರದಿಯನ್ನು ಟೀಕಿಸಲಿದ್ದೇನೆ.

ಇನ್ನು ಕತ್ತರಿಸಿದ ರೀತಿ. ಅಮೆರಿಕದ 2016ರ ಚುನಾವಣೆಯಲ್ಲಿ ರಷ್ಯಾ ಕೈಯಾಡಿಸಿದ ಬಗ್ಗೆ ರಾಬರ್ಟ್ ಮುಲ್ಲರ್ ಮಾಡಿದ ತನಿಖೆಯ ವರದಿ 2019ರ ಏಪ್ರಿಲ್‌ನಲ್ಲಿ ಹೊರಬಂದಾಗ ಟಿವಿಯಲ್ಲಿ ಕಪ್ಪು ಪಟ್ಟಿ ಬಳಿದ ಪುಟಗಳನ್ನು ನೀವು ನೋಡಿರಬಹುದು. ಅಲ್ಲಿ ಒಂದೊಂದು ಪಟ್ಟಿಯ ಮೇಲೂ ಮುಚ್ಚಿದ ಕಾರಣ ಬರೆದಿತ್ತು. ನಡೆಯುತ್ತಿರುವ ಕೇಸಿಗೆ ತೊಂದರೆ, ಗ್ರ್ಯಾಂಡ್ ಜ್ಯೂರಿ ಸಾಕ್ಷ್ಯ, ತನಿಖೆಯ ವಿಧಾನ, ಖಾಸಗಿತನ, ಹೀಗೆ ನಾಲ್ಕು ಬಗೆ. ಕೆನಡಾದ ವರದಿಯಲ್ಲಿ ಕಪ್ಪು ಪಟ್ಟಿ ಇಲ್ಲ. ಪದ ತೆಗೆದ ಕಡೆ ಮೂರು ನಕ್ಷತ್ರ ಇವೆ. ವಾಕ್ಯವನ್ನೋ ಪ್ಯಾರಾವನ್ನೋ ತೆಗೆದಿದ್ದರೆ, ಅಲ್ಲಿ ಏನಿತ್ತು ಎಂಬ ಒಂದು ಸಾಲಿನ ಸಾರಾಂಶವನ್ನು ಬ್ರಾಕೆಟ್ಟಿನಲ್ಲಿ ಕೊಟ್ಟಿದ್ದಾರೆ. ಓದುಗರಿಗೆ ಇದು ಉಪಕಾರ ಅಂತ ಮೊದಲ ನೋಟಕ್ಕೆ ಅನ್ನಿಸುತ್ತದೆ. ನನ್ನ ಪ್ರಕಾರ ಅತಿ ಹೆಚ್ಚು ಹಾನಿ ಮಾಡಿದ್ದು ಇದೇ ಒಂದು ಸಾಲಿನ ಸಾರಾಂಶಗಳು.

ಯಾಕೆ ಅಂತ ಹೇಳುತ್ತೇನೆ. ಕನ್ಸರ್ವೇಟಿವ್ ಪಕ್ಷದ ನಾಯಕತ್ವದ ಚುನಾವಣೆಯಲ್ಲಿ ಭಾರತ ಕೈಯಾಡಿಸಿತು ಎಂಬ ಆರೋಪ ಈ ವರದಿಯಲ್ಲಿ ಇರುವುದು ಹೀಗೇ, ತೆಗೆದುಹಾಕಿದ ವಾಕ್ಯಗಳ ಸಾರಾಂಶವಾಗಿ. ಚೀನಾದ ಬಗ್ಗೆಯೂ ಅದೇ ಥರದ ಸಾಲು ಇದೆ. ಯಾವ ವರ್ಷದ ಚುನಾವಣೆ, ಯಾರ ಪರವಾಗಿ, ಹಣದಿಂದಲೋ ಸದಸ್ಯತ್ವ ಮಾಡಿಸುವುದರಿಂದಲೋ, ಆ ಅಭ್ಯರ್ಥಿಗೆ ವಿಷಯ ಗೊತ್ತಿತ್ತೋ ಇಲ್ಲವೋ, ಒಂದೂ ಇಲ್ಲ. ಇನ್ನೊಂದು ಕಡೆ, ಮಾಜಿ ಸಂಸದರೊಬ್ಬರು ವಿದೇಶಿ ಗುಪ್ತಚರ ಅಧಿಕಾರಿಯ ಜೊತೆ ಸಂಬಂಧ ಇಟ್ಟುಕೊಂಡು ಗೋಪ್ಯ ಮಾಹಿತಿ ಕೊಟ್ಟರು ಎಂಬ ಅರ್ಥದ ಸಾರಾಂಶ ಇದೆ. ಇದು ತುಂಬಾ ಗಂಭೀರವಾದ ಆರೋಪ. ಆದರೆ ಇಡೀ ದೇಶದ ಮಾಜಿ ಸಂಸದರಲ್ಲಿ ಯಾರು ಬೇಕಾದರೂ ಆಗಿರಬಹುದು ಎನ್ನುವಷ್ಟು ಮಾತ್ರ ನಮಗೆ ತಿಳಿಯುತ್ತದೆ. ಎಷ್ಟು ಜನ ಸಂಸದರು ಇದರಲ್ಲಿ ಇದ್ದಾರೆ ಎಂಬ ಸಂಖ್ಯೆಯೂ ಸಾರ್ವಜನಿಕ ಪ್ರತಿಯಲ್ಲಿ ಇಲ್ಲ.

ಹೆಸರಿಲ್ಲದೆಯೂ ಆರೋಪಗಳ ಪಟ್ಟಿ ಮಾತ್ರ ಸ್ಪಷ್ಟವಾಗಿದೆ. ಚುನಾವಣೆಗೆ ಮುಂಚೆ ವಿದೇಶಿ ರಾಯಭಾರ ಕಚೇರಿಯ ಜೊತೆ ಮತ್ತೆ ಮತ್ತೆ ಮಾತಾಡಿ, ಸಮುದಾಯದ ಸಂಘಗಳ, ವ್ಯಾಪಾರಿಗಳ ಬೆಂಬಲವನ್ನು ಗುಟ್ಟಾಗಿ ಒಟ್ಟುಮಾಡಿಸಿಕೊಳ್ಳುವುದು. ಎಲ್ಲಿಂದ ಬಂತು ಎಂದು ತಿಳಿಯದ ಹಾಗೆ ಕೈ ಬದಲಾಯಿಸಿಕೊಂಡು ಬಂದ ಹಣ ತೆಗೆದುಕೊಳ್ಳುವುದು, ಅದೂ ಗೊತ್ತಿದ್ದು, ಅಥವಾ ಬೇಕೆಂದೇ ಕಣ್ಣು ಮುಚ್ಚಿಕೊಂಡು. ಸಹ ಸಂಸದರ ಒಳಗಿನ ಅಭಿಪ್ರಾಯಗಳನ್ನು ವಿದೇಶಿ ಅಧಿಕಾರಿಗಳಿಗೆ ಹೇಳುವುದು, ಆ ಮಾಹಿತಿಯಿಂದ ಅವರ ಮೇಲೆ ಒತ್ತಡ ಬರುತ್ತದೆ ಅಂತ ತಿಳಿದಿದ್ದೂ ಹೇಳುವುದು. ವಿದೇಶಿ ಅಧಿಕಾರಿ ಹೇಳಿದ ಹಾಗೆ ಸದನದ ಕೆಲಸದಲ್ಲಿ ಪ್ರಭಾವ ಬೀರುವುದು. ಇದನ್ನೆಲ್ಲ ಓದಿದರೆ ಯಾರಿಗೂ ಸಿಟ್ಟು ಬರುತ್ತದೆ, ಬರಬೇಕು ಕೂಡ.

ಆದರೆ ಅದೇ ಭಾಗದಲ್ಲಿ ಇನ್ನೊಂದು ಮಾತಿದೆ. ಟಿವಿ ಚರ್ಚೆಗಳಲ್ಲಿ ಯಾರೂ ಅದನ್ನು ಜಾಸ್ತಿ ಎತ್ತಿಕೊಳ್ಳಲಿಲ್ಲ. ಇವುಗಳಲ್ಲಿ ಕೆಲವು ಕಾನೂನುಬಾಹಿರ ಇರಬಹುದು, ಆದರೂ ಕ್ರಿಮಿನಲ್ ಕೇಸು ಆಗುವ ಸಾಧ್ಯತೆ ಕಡಿಮೆ, ಯಾಕೆಂದರೆ ಗೋಪ್ಯ ಮಾಹಿತಿಯನ್ನೂ ಅದನ್ನು ಕಲೆಹಾಕಿದ ವಿಧಾನವನ್ನೂ ಕಾಪಾಡಿಕೊಂಡು ಕೋರ್ಟಿನಲ್ಲಿ ವಿಚಾರಣೆ ನಡೆಸುವ ದಾರಿಯನ್ನು ಕೆನಡಾ ಇನ್ನೂ ಸರಿಯಾಗಿ ಮಾಡಿಕೊಂಡಿಲ್ಲ ಅಂತ ಸಮಿತಿಯೇ ಬರೆದಿದೆ. ನನ್ನನ್ನು ಕೇಳಿದರೆ ಇಡೀ ವರದಿಯಲ್ಲಿ ಮುಖ್ಯವಾದ ವಾಕ್ಯ ಇದು. ಅದರ ಮೇಲೆ ಒಂದು ನಕ್ಷತ್ರವೂ ಇಲ್ಲ. ಸರ್ಕಾರ ಯಾವುದನ್ನು ಮುಚ್ಚಿತು ಅಂತ ಜನ ಜಗಳ ಆಡುತ್ತಿದ್ದಾಗ, ಸರ್ಕಾರ ದಶಕಗಳಿಂದ ಯಾವ ಕೆಲಸ ಮಾಡದೆ ಬಿಟ್ಟಿತ್ತು ಎಂಬುದು ಎಲ್ಲರ ಕಣ್ಣೆದುರೇ ಇತ್ತು.

ಈಗ ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಬರುತ್ತೇನೆ. ಗ್ರೀನ್ ಪಕ್ಷದ ನಾಯಕಿ ಎಲಿಜಬೆತ್ ಮೇ ಜೂನ್ 11ರಂದು, ಪೂರ್ತಿ ಪ್ರತಿ ಓದಿದ ಮೇಲೆ ಮಾತಾಡಿದರು. ತಮಗೆ ದೊಡ್ಡ ನಿರಾಳ ಆಯಿತು, ದೇಶಕ್ಕೆ ದ್ರೋಹ ಮಾಡಿದ ಈಗಿನ ಸಂಸದರ ಪಟ್ಟಿ ಅಂತ ಏನೂ ಅದರಲ್ಲಿಲ್ಲ ಅಂದರು. ಎರಡೇ ದಿನಕ್ಕೆ ನ್ಯೂ ಡೆಮಾಕ್ರಟಿಕ್ ಪಕ್ಷದ (ಎನ್‌ಡಿಪಿ) ಆಗಿನ ನಾಯಕ ಜಗ್ಮೀತ್ ಸಿಂಗ್ ಅದೇ ಪ್ರತಿ ಓದಿ ಬಂದು, ಮೊದಲಿಗಿಂತ ಜಾಸ್ತಿ ಆತಂಕವಾಗಿದೆ, ಕೆಲವು ಸಂಸದರು ಗೊತ್ತಿದ್ದೇ ವಿದೇಶಿ ಸರ್ಕಾರಗಳಿಗೆ ನೆರವಾಗಿದ್ದಾರೆ, ಅಂಥವರು ದೇಶದ್ರೋಹಿಗಳು ಅಂದರು. ಒಂದೇ ಪುಸ್ತಕ, ಎರಡು ಓದು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತ ಆಗ ಬಹಳ ಜನ ಅಂದುಕೊಂಡರು. ನಾನು ಹಾಗೆ ಅಂದುಕೊಳ್ಳಲಿಲ್ಲ. ಗುಪ್ತಚರ ಮಾಹಿತಿಯ ಸ್ವಭಾವ ಗೊತ್ತಿದ್ದರೆ ಇಬ್ಬರೂ ಪ್ರಾಮಾಣಿಕವಾಗಿಯೇ ಹೇಳಿರಬಹುದು ಅಂತ ಅರ್ಥವಾಗುತ್ತದೆ.

ಗುಪ್ತಚರ ಸಂಸ್ಥೆಯ ಒಂದು ಟಿಪ್ಪಣಿ ಹೇಗೆ ಹುಟ್ಟುತ್ತದೆ ಅಂತ ಸ್ವಲ್ಪ ಯೋಚಿಸಿ. ಒಬ್ಬ ವಿದೇಶಿ ಅಧಿಕಾರಿ ತನ್ನ ಮೇಲಿನವರಿಗೆ ಫೋನ್ ಮಾಡಿ, ಇಂಥ ಸಂಸದ ನಮ್ಮ ಕಡೆ ಇದ್ದಾನೆ ಅಂತ ಹೇಳುತ್ತಾನೆ. ಆ ಮಾತು ಇವರ ಕಿವಿಗೆ ಬೀಳುತ್ತದೆ. ಅವನು ನಿಜ ಹೇಳುತ್ತಿರಬಹುದು. ಬಡ್ತಿಗಾಗಿ ಬಡಾಯಿ ಕೊಚ್ಚಿಕೊಳ್ಳುತ್ತಿರಬಹುದು. ಸಂಸದನ ಜೊತೆ ಒಂದು ಊಟ ಮಾಡಿದ್ದನ್ನೇ ದೊಡ್ಡ ಸಾಧನೆ ಅಂತ ಬರೆದಿರಬಹುದು. ಆ ಸಂಸದನಿಗೆ ತಾನು ಒಬ್ಬ ಗೂಢಚಾರನ ಜೊತೆ ಮಾತಾಡುತ್ತಿದ್ದೇನೆ ಅಂತ ಗೊತ್ತೇ ಇಲ್ಲದಿರಬಹುದು. ಗುಪ್ತಚರ ಸಂಸ್ಥೆಗೆ ಇದು ಎಚ್ಚರಿಕೆಯಿಂದ ಇಟ್ಟುಕೊಳ್ಳಬೇಕಾದ ಸುಳಿವು, ಕೋರ್ಟಿಗೆ ಇದು ಸಾಕ್ಷ್ಯವೇ ಅಲ್ಲ. ಇಂಥ ಹತ್ತಾರು ಸುಳಿವುಗಳನ್ನು ಸೇರಿಸಿ ಬರೆದ ಪ್ಯಾರಾವನ್ನು ಒಬ್ಬರು ವಕೀಲರ ಕಣ್ಣಿನಿಂದ ಓದಿದರೆ ಸಾಬೀತಾದದ್ದು ಏನೂ ಇಲ್ಲ ಅನ್ನಿಸುತ್ತದೆ. ಇನ್ನೊಬ್ಬರು, ಸ್ವತಃ ವಿದೇಶಿ ಒತ್ತಡಕ್ಕೆ ಗುರಿಯಾದವರು ಓದಿದರೆ ಇಷ್ಟು ಸಾಲದೇ ಅನ್ನಿಸುತ್ತದೆ. ಸಿಂಗ್ ತಾವೇ ಅಂಥ ಗುರಿ ಎಂದು ಹೇಳಿಕೊಂಡವರು. ಹಾಗಾಗಿ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ವಿಚಾರಣೆ ನಡೆಯದೆ ಆ ಪದ ಬಳಸಬಾರದಿತ್ತು.

ಈ ಜಗಳದ ಉತ್ತರ ಏಳೆಂಟು ತಿಂಗಳ ನಂತರ ಬಂತು. ಸಮಿತಿಯ ವರದಿಗಿಂತ ಮುಂಚೆಯೇ, 2023ರ ಸೆಪ್ಟೆಂಬರ್‌ನಲ್ಲಿ, ಕ್ವಿಬೆಕ್ ಮೇಲ್ಮನವಿ ನ್ಯಾಯಾಲಯದ ನ್ಯಾಯಮೂರ್ತಿ ಮರಿ-ಜೋಸೆ ಹೋಗ್ ಅವರ ನೇತೃತ್ವದಲ್ಲಿ ಸಾರ್ವಜನಿಕ ವಿಚಾರಣಾ ಆಯೋಗ ರಚನೆಯಾಗಿತ್ತು. ಅದೂ ಸುಲಭವಾಗಿ ಆಗಲಿಲ್ಲ. ಹಸ್ತಕ್ಷೇಪದ ಆರೋಪಗಳನ್ನು ಪರಿಶೀಲಿಸಿ ಸಲಹೆ ಕೊಡುವುದಕ್ಕೆ ಮಾಜಿ ಗವರ್ನರ್ ಜನರಲ್ ಡೇವಿಡ್ ಜಾನ್‌ಸ್ಟನ್ ಅವರನ್ನು ಮೊದಲು ನೇಮಿಸಿದರು. ಅವರು ಸಾರ್ವಜನಿಕ ವಿಚಾರಣೆ ಬೇಡ ಅಂದರು, ವಿರೋಧ ಪಕ್ಷಗಳು ತಿರುಗಿಬಿದ್ದವು, ಅವರು 2023ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ಎನ್‌ಸೈಕಾಪ್ ವರದಿ ಬಂದು ಗಲಾಟೆ ಎದ್ದಾಗ, ಆ ಆರೋಪಗಳನ್ನೂ ನೀವೇ ನೋಡಿ ಅಂತ ಸದನ ಭಾರಿ ಬಹುಮತದಿಂದ ಹೋಗ್ ಆಯೋಗವನ್ನು ಕೇಳಿಕೊಂಡಿತು.

ಹೋಗ್ ಮಾಡಿದ ಕೆಲಸ ಏನೆಂದರೆ, ಸಮಿತಿ ಬರೆದ ವಾಕ್ಯಗಳ ಹಿಂದೆ ಇದ್ದ ಮೂಲ ಗುಪ್ತಚರ ಟಿಪ್ಪಣಿಗಳನ್ನು ತೆಗೆಸಿ ನೋಡಿದರು. ಮೇ, ಸಿಂಗ್ ಓದಿದ್ದು ವರದಿಯ ಪೂರ್ತಿ ಪ್ರತಿ. ಹೋಗ್ ಅದರ ಬುಡವನ್ನೂ ನೋಡಿದರು. 2025ರ ಜನವರಿ 28ರಂದು ಬಂದ ಅವರ ಅಂತಿಮ ವರದಿ ಏಳು ಸಂಪುಟಗಳಷ್ಟಿದೆ, 51 ಶಿಫಾರಸುಗಳಿವೆ. ವಿದೇಶಗಳ ಜೊತೆ ಸೇರಿ ಕೆನಡಾದ ವಿರುದ್ಧ ಸಂಚು ಮಾಡಿದ ಸಂಸದರು ಇದ್ದಾರೆ ಎಂಬುದಕ್ಕೆ ಆಧಾರ ಕಾಣಲಿಲ್ಲ ಅಂತ ಅವರು ಹೇಳಿದರು. ಕೆಲವೇ ಕೆಲವರ ನಡವಳಿಕೆ ಕಳವಳ ಹುಟ್ಟಿಸುವಂತಿದೆ, ಆದರೆ ಎನ್‌ಸೈಕಾಪ್ ವರದಿ ಎಬ್ಬಿಸಿದ ಭಯದಷ್ಟು ಸ್ಪಷ್ಟವಾದ, ಅಷ್ಟು ತೀವ್ರವಾದ ಪರಿಸ್ಥಿತಿ ಇಲ್ಲ ಅಂದರು. 2019 ಮತ್ತು 2021ರ ಚುನಾವಣೆಗಳಲ್ಲಿ ಸರ್ಕಾರ ಯಾರದ್ದು ಎಂಬುದು ಹಸ್ತಕ್ಷೇಪದಿಂದ ಬದಲಾಗಲಿಲ್ಲ, ಕೆಲವು ಕ್ಷೇತ್ರಗಳಲ್ಲಿ ಪರಿಣಾಮ ಆಗಿರಬಹುದು ಅಂತ ಅವರು 2024ರ ಮೇ ತಿಂಗಳ ಮಧ್ಯಂತರ ವರದಿಯಲ್ಲೇ ಹೇಳಿದ್ದರು.

ಹಾಗಾದರೆ ಎಲಿಜಬೆತ್ ಮೇ ಗೆದ್ದರು ಅನ್ನೋಣವೇ? ಅಷ್ಟು ಸರಳವಲ್ಲ. ಹಸ್ತಕ್ಷೇಪವೇ ನಡೆದಿಲ್ಲ ಅಂತ ಹೋಗ್ ಎಲ್ಲೂ ಹೇಳಿಲ್ಲ. ಚೀನಾ ಎಲ್ಲರಿಗಿಂತ ಹೆಚ್ಚು, ಭಾರತ ಎರಡನೆಯದು ಅಂತ ಅವರೂ ಹೇಳಿದ್ದಾರೆ. ಅವರು ಕೆಳಗಿಳಿಸಿದ್ದು ಸಂಸದರ ಮೇಲಿನ ಆರೋಪದ ತೂಕವನ್ನು. ಹಸ್ತಕ್ಷೇಪ ನಿಜ, ದ್ರೋಹಿಗಳ ಪಟ್ಟಿ ನಿಜವಲ್ಲ. ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಂಡರೆ ಎಷ್ಟೋ ಗೊಂದಲ ಕಡಿಮೆಯಾಗುತ್ತದೆ.

ಹೆಸರು ಹೇಳಿಬಿಡಬೇಕಿತ್ತು ಅನ್ನುವವರಿಗೆ ನಾನು ಯಾವಾಗಲೂ ಹಾನ್ ಡಾಂಗ್ ಪ್ರಕರಣ ನೆನಪಿಸುತ್ತೇನೆ. ಅವರು ಟೊರಾಂಟೊದ ಡಾನ್ ವ್ಯಾಲಿ ನಾರ್ತ್ ಕ್ಷೇತ್ರದ ಲಿಬರಲ್ ಸಂಸದರಾಗಿದ್ದರು. ಚೀನಾ 2018ರ ಡಿಸೆಂಬರ್‌ನಲ್ಲಿ ಮೈಕಲ್ ಕೋವ್ರಿಗ್, ಮೈಕಲ್ ಸ್ಪೇವರ್ ಎಂಬ ಇಬ್ಬರು ಕೆನಡಿಯನ್ನರನ್ನು ಹಿಡಿದು ಜೈಲಿಗೆ ಹಾಕಿತ್ತು. ಅವರ ಬಿಡುಗಡೆಯನ್ನು ತಡಮಾಡಿ ಅಂತ ಡಾಂಗ್ ಚೀನಾದ ಅಧಿಕಾರಿಗೆ ಸಲಹೆ ಕೊಟ್ಟರು ಎಂದು 2023ರ ಮಾರ್ಚ್‌ನಲ್ಲಿ ಸುದ್ದಿ ಬಂತು. ಹೆಸರಿಲ್ಲದ ಮೂಲಗಳನ್ನು ನಂಬಿ ಮಾಡಿದ ಸುದ್ದಿ. ಒಬ್ಬ ಸಂಸದನ ಮೇಲೆ ಇದಕ್ಕಿಂತ ಕೆಟ್ಟ ಆರೋಪ ಇನ್ನೇನಿರುತ್ತದೆ? ಅವತ್ತೇ ರಾತ್ರಿ ಕಣ್ಣೀರು ಹಾಕಿಕೊಂಡು ಪಕ್ಷದ ಸಂಸದರ ಗುಂಪಿನಿಂದ ಹೊರಬಂದರು. ಎರಡು ತಿಂಗಳಲ್ಲಿ ಜಾನ್‌ಸ್ಟನ್ ಆ ಆರೋಪ ಸುಳ್ಳು ಅಂತ ಬರೆದರು. 2025ರಲ್ಲಿ ಹೋಗ್ ಕೂಡ, ಗೋಪ್ಯ ದಾಖಲೆಗಳು ಡಾಂಗ್ ಅವರ ನಿರಾಕರಣೆಗೆ ಪೂರಕವಾಗಿವೆ ಅಂತ ಹೇಳಿದರು. ಅಷ್ಟರಲ್ಲಿ ಏನಾಗಿತ್ತು? ಅವರು ಪಕ್ಷದ ಗುಂಪಿಗೆ ಮರಳಲೇ ಇಲ್ಲ. ಅವರ ಮುಗ್ಧತೆಯನ್ನು ಹೇಳುವ ಕಾಗದ ಸರ್ಕಾರದ ಕಪಾಟಿನಲ್ಲೇ ಇತ್ತು. ಅವರು ಅದನ್ನು ತೋರಿಸುವ ಹಾಗಿರಲಿಲ್ಲ.

ಅದೇ ಡಾಂಗ್ ಅವರ 2019ರ ಟಿಕೆಟ್ ಆಯ್ಕೆಯ ಕತೆ ಬೇರೆ. ಆ ದಿನ ಚೀನಾದಿಂದ ಬಂದ ಹೈಸ್ಕೂಲ್ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕರೆತಂದು ಮತ ಹಾಕಿಸಿದ ವಿಚಾರ ಇದೆ. ಅದರ ಹಿಂದೆ ಚೀನಾದ ಕಾನ್ಸುಲೇಟ್ ಇತ್ತೇ ಎಂಬ ಪ್ರಶ್ನೆ ಪೂರ್ತಿ ಬಗೆಹರಿಯಲಿಲ್ಲ. ಪೌರರಲ್ಲದ ಹದಿಹರೆಯದವರು ಮತ ಹಾಕುವುದು ಹೇಗೆ ಅಂತ ನಿಮಗೆ ಆಶ್ಚರ್ಯ ಆಗಬಹುದು. ಅದು ಸಾರ್ವತ್ರಿಕ ಚುನಾವಣೆ ಅಲ್ಲ, ಪಕ್ಷದ ಒಳಗಿನ ಆಯ್ಕೆ. ಲಿಬರಲ್ ಪಕ್ಷದಲ್ಲಿ ಆಗ 14 ವರ್ಷ ದಾಟಿ ಆ ಕ್ಷೇತ್ರದಲ್ಲಿ ವಾಸ ಇದ್ದರೆ ಸಾಕಿತ್ತು, ಪೌರತ್ವ ಬೇಕಿರಲಿಲ್ಲ. ಪಕ್ಷದ ಗೆಲುವು ಖಚಿತ ಇರುವ ಕ್ಷೇತ್ರದಲ್ಲಿ ಟಿಕೆಟ್ ಸಿಕ್ಕರೆ ಸಂಸದ ಆದ ಹಾಗೇ. ನಮ್ಮ ಕರ್ನಾಟಕದವರಿಗೆ ಟಿಕೆಟ್ಟಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ವಿದೇಶಗಳು ಒಳಗೆ ಬರುವುದಕ್ಕೆ ಇದು ಹೆಬ್ಬಾಗಿಲು ಅಂತ ಸಮಿತಿಯೂ ಆಯೋಗವೂ ಹೇಳಿದವು. 2025ರ ಜನವರಿಯಲ್ಲಿ ಟ್ರುಡೊ ನಂತರದ ನಾಯಕನ ಆಯ್ಕೆಗೆ ಮುಂಚೆ ಲಿಬರಲ್ಲರು ನಿಯಮ ಬದಲಾಯಿಸಿ, ಪೌರರು, ಕಾಯಂ ನಿವಾಸಿಗಳು, ನೋಂದಾಯಿತ ಮೂಲನಿವಾಸಿಗಳು ಮಾತ್ರ ಮತ ಹಾಕಬಹುದು ಅಂತ ಮಾಡಿದರು. ಒಂದೂ ಹೆಸರು ಬಯಲಾಗದೆ ಆದ ಬದಲಾವಣೆ ಇದು. ಇಂಥದ್ದು ಇನ್ನೂ ಬೇಕು.

ಹೆಸರು ಮುಚ್ಚಿದ್ದು ಯಾರನ್ನು ಉಳಿಸುವುದಕ್ಕೆ ಅಂತ ಕೇಳಿದ್ದೀರಿ. ಮೊದಲನೆಯದಾಗಿ ಮಾಹಿತಿ ಕೊಟ್ಟವರನ್ನು. ಒಂದು ಮಾತುಕತೆ ನಡೆದಾಗ ಕೋಣೆಯಲ್ಲಿ ಇದ್ದವರು ಮೂರೇ ಜನ ಅಂತ ಇಟ್ಟುಕೊಳ್ಳಿ. ಆ ಮಾತುಕತೆಯ ವಿವರ ಹೊರಬಿದ್ದರೆ ಮೂರನೆಯವರು ಯಾರು ಅಂತ ಬೀಜಿಂಗ್‌ಗೋ ದೆಹಲಿಗೋ ತಕ್ಷಣ ಗೊತ್ತಾಗುತ್ತದೆ. ಅವರ ಜೀವಕ್ಕೇ ಕುತ್ತು ಬರಬಹುದು. ಆಮೇಲೆ, ಬೇರೆ ದೇಶ ಹಂಚಿಕೊಂಡ ಮಾಹಿತಿ ಇದ್ದರೆ ಆ ದೇಶದ ಒಪ್ಪಿಗೆ ಇಲ್ಲದೆ ಬಿಡುವ ಹಾಗಿಲ್ಲ. ಕೆನಡಾ ಬಹಳಷ್ಟು ಮಾಹಿತಿಗೆ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳನ್ನೇ ನೆಚ್ಚಿಕೊಂಡಿದೆ. ಇವು ನಿಜವಾದ ಕಾರಣಗಳು, ನಾನು ಇವನ್ನು ಗೌರವಿಸುತ್ತೇನೆ. ಆದರೆ ಅಧಿಕಾರಿಗಳು ಬೇಕಾದ್ದಕ್ಕಿಂತ ಜಾಸ್ತಿ ಮುಚ್ಚುತ್ತಾರೆ ಎಂಬುದೂ ಅಷ್ಟೇ ನಿಜ. ಹೋಗ್ ಆಯೋಗ ಶುರುವಿನಲ್ಲಿ ಪರೀಕ್ಷೆಗೆ ಅಂತ 13 ಗೋಪ್ಯ ದಾಖಲೆಗಳನ್ನು ಕೊಟ್ಟು, ಇದರಲ್ಲಿ ಜನರಿಗೆ ಏನು ತೋರಿಸಬಹುದು ಅಂತ ಸರ್ಕಾರವನ್ನು ಕೇಳಿತ್ತು. ಹೆಚ್ಚಿನ ಭಾಗ ಮುಚ್ಚಿಕೊಂಡೇ ವಾಪಸ್ ಬಂತು.

ಮುಚ್ಚಿದ್ದು ಯಾವಾಗಲೂ ಮುಚ್ಚಿಯೇ ಇರಬೇಕು ಅಂತೇನಿಲ್ಲ ಎಂಬುದಕ್ಕೆ ಮತ್ತೆ ಮುಲ್ಲರ್ ವರದಿ ನೋಡಿ. ಟ್ರಂಪ್ ಆಪ್ತ ರೋಜರ್ ಸ್ಟೋನ್ ಕುರಿತ ಭಾಗಗಳನ್ನು ಅವರ ಕೇಸು ನಡೆಯುತ್ತಿದೆ ಅಂತ ಮುಚ್ಚಿದ್ದರು. ಕೇಸು ಮುಗಿದ ಮೇಲೆ, ಪತ್ರಕರ್ತರೂ ಖಾಸಗಿತನದ ಹಕ್ಕಿನ ಸಂಘಟನೆಯೂ ಹೂಡಿದ್ದ ದಾವೆಯಿಂದಾಗಿ, 2020ರ ಜೂನ್‌ನಲ್ಲಿ ಅವು ಹೊರಬಂದವು. ಅದೇ ದಾವೆಯಲ್ಲಿ ನ್ಯಾಯಾಧೀಶ ರೆಗ್ಗಿ ವಾಲ್ಟನ್, ಸರ್ಕಾರದ ಮಾತನ್ನು ಹಾಗೇ ಒಪ್ಪದೆ ಪೂರ್ತಿ ಪ್ರತಿಯನ್ನು ತರಿಸಿಕೊಂಡು ತಾವೇ ಓದಿದರು. ಕೆಲವು ಭಾಗ ಮುಚ್ಚಿದ್ದು ತಪ್ಪು ಅಂತ ತೀರ್ಪು ಕೊಟ್ಟರು. ಸರ್ಕಾರಕ್ಕೆ ಸೇರದ ಒಂದು ಕಣ್ಣು ಒಳಗೆ ಹೋಗಿ, ಪ್ರತಿ ಸಾಲಿಗೂ ಕಾರಣ ಕೇಳಿತು. ಎನ್‌ಸೈಕಾಪ್ ವರದಿಯ ಪ್ರತಿ ಸಾಲಿಗೆ ಹಾಗೆ ಕಾರಣ ಕೇಳಿದವರು ಯಾರೂ ಇಲ್ಲ.

ಭಾರತದಲ್ಲಿ ಇದನ್ನೇ ನಾವು ಮುಚ್ಚಿದ ಲಕೋಟೆ ಎಂಬ ಹೆಸರಿನಲ್ಲಿ ನೋಡಿದ್ದೇವೆ. ಮೀಡಿಯಾ ಒನ್ ಎಂಬ ಮಲಯಾಳಂ ಚಾನೆಲ್‌ಗೆ ಭದ್ರತಾ ಕ್ಲಿಯರೆನ್ಸ್ ಇಲ್ಲ ಅಂತ ಪರವಾನಗಿ ನಿರಾಕರಿಸಿ, ಕಾರಣವನ್ನು ಲಕೋಟೆಯಲ್ಲಿಟ್ಟು ಕೋರ್ಟಿಗೆ ಕೊಟ್ಟಿದ್ದರು. ಯಾರ ಮೇಲೆ ಆರೋಪವೋ ಅವರಿಗೇ ಅದು ಗೊತ್ತಿಲ್ಲದಿದ್ದರೆ ನ್ಯಾಯ ಹೇಗೆ ಅಂತ ಹೇಳಿ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಹೋಗ್ ಹೆಸರು ಹೇಳದಿರುವುದಕ್ಕೆ ಕೊಟ್ಟ ಕಾರಣದಲ್ಲೂ ಇದೇ ನ್ಯಾಯದ ಮಾತಿದೆ. ಗೋಪ್ಯ ಮಾಹಿತಿಯ ಮೇಲೆ ಹೆಸರು ಹೇಳಿದರೆ ಆ ವ್ಯಕ್ತಿ ತನ್ನ ಪರ ವಾದಿಸುವುದಕ್ಕೆ ಸಾಧ್ಯವೇ ಇಲ್ಲ.

ರಾಜಕಾರಣಿಗಳು ಇದನ್ನು ಬಳಸಿಕೊಂಡ ರೀತಿ ನನಗೆ ನಿಜಕ್ಕೂ ಬೇಸರ ತಂದಿತು. ವಿರೋಧ ಪಕ್ಷವಾದ ಕನ್ಸರ್ವೇಟಿವ್ ಪಕ್ಷದ ನಾಯಕ ಪಿಯರ್ ಪೊಲಿಯೆವ್ ಕ್ಲಿಯರೆನ್ಸ್ ಪಡೆದು ಓದುವುದಕ್ಕೇ ಒಪ್ಪಲಿಲ್ಲ. ಓದಿದರೆ ಬಾಯಿ ಕಟ್ಟಿದ ಹಾಗಾಗುತ್ತದೆ ಅಂದರು. ಅದರಲ್ಲಿ ಸ್ವಲ್ಪ ಸತ್ಯ ಇದೆ, ಓದಿದವರು ವಿವರ ಹೇಳುವ ಹಾಗಿಲ್ಲ. ಆದರೆ ಮೇ, ಸಿಂಗ್ ಇಬ್ಬರೂ ಓದಿದ ಮೇಲೂ ಸಾಕಷ್ಟು ಮಾತಾಡಿದರಲ್ಲ. ಮೇಲಾಗಿ ಪಕ್ಷದ ನಾಯಕನಿಗೆ ತನ್ನ ಪಕ್ಷದಲ್ಲಿ ಯಾರಿಗೆ ಟಿಕೆಟ್ ಕೊಡಬಾರದು ಅಂತ ತಿಳಿದುಕೊಳ್ಳುವ ಜವಾಬ್ದಾರಿ ಇರುತ್ತದೆ. ಟ್ರುಡೊ ಮಾಡಿದ್ದು ಇದಕ್ಕಿಂತ ಕೆಟ್ಟದ್ದು. 2024ರ ಅಕ್ಟೋಬರ್ 16ರಂದು ಆಯೋಗದ ಮುಂದೆ ಪ್ರಮಾಣ ಮಾಡಿ ಕೂತು, ಹಸ್ತಕ್ಷೇಪದಲ್ಲಿ ತೊಡಗಿದ ಅಥವಾ ಅದರ ಅಪಾಯದಲ್ಲಿರುವ ಕನ್ಸರ್ವೇಟಿವ್ ಪಕ್ಷದವರ ಹೆಸರು ತಮ್ಮ ಬಳಿ ಇದೆ ಅಂದರು. ಹೆಸರು ಹೇಳಲಿಲ್ಲ. ಗುಟ್ಟು ಕಾಯಬೇಕಾದವರೇ ಗುಟ್ಟನ್ನು ಎದುರಾಳಿಯ ಮೇಲೆ ಎಸೆದರೆ, ಮುಂದೆ ಭದ್ರತೆಯ ಕಾರಣಕ್ಕೆ ಮುಚ್ಚಿದ್ದೇವೆ ಅಂದಾಗ ಜನ ಯಾಕೆ ನಂಬಬೇಕು?

ಇನ್ನು ಭಾರತದ ವಿಷಯ. ಖಾಲಿಸ್ತಾನಿ ಚಟುವಟಿಕೆಗಳನ್ನು ಎದುರಿಸುವುದು ಭಾರತದ ಒಂದು ಉದ್ದೇಶ, ಆದರೆ ಅದನ್ನು ಮೀರಿ ಕೆನಡಾದ ರಾಜಕಾರಣಿಗಳು, ಸಮುದಾಯದ ಮಾಧ್ಯಮಗಳು, ಭಾರತ ಮೂಲದ ಸಮುದಾಯಗಳ ಮೇಲೂ ಪ್ರಭಾವ ಬೀರಲು ನೋಡಿದೆ ಎಂಬುದು ಸಮಿತಿಯ ಮಾತು. ಭಾರತ ಸರ್ಕಾರ ಇಂಥ ಆರೋಪಗಳನ್ನು ತಳ್ಳಿಹಾಕಿದೆ. ಹೋಗ್ ವರದಿ ಬಂದಾಗ ವಿದೇಶಾಂಗ ಸಚಿವಾಲಯ, ನಮ್ಮ ಒಳಗಿನ ವಿಷಯದಲ್ಲಿ ಕೈಹಾಕುತ್ತಿರುವುದೇ ಕೆನಡಾ ಅಂತ ತಿರುಗಿಸಿ ಹೇಳಿತು. ಈ ಹಿನ್ನೆಲೆಯಲ್ಲಿ ಖಾಲಿಸ್ತಾನ ಪರ ನಾಯಕ ಹರ್‌ದೀಪ್ ಸಿಂಗ್ ನಿಜ್ಜರ್ ಕೊಲೆಯಲ್ಲಿ ಭಾರತದ ಕೈವಾಡವಿದೆ ಎಂಬ ಕೆನಡಾದ ಆರೋಪ, 2024ರ ಅಕ್ಟೋಬರ್‌ನಲ್ಲಿ ಎರಡೂ ಕಡೆ ಆರಾರು ರಾಜತಾಂತ್ರಿಕರನ್ನು ಹೊರಹಾಕಿದ್ದು, ಎಲ್ಲ ಸೇರಿಕೊಂಡವು. ಆದ್ದರಿಂದ ಭಾರತದ ಕುರಿತ ಭಾಗವನ್ನು ಪೂರ್ತಿ ನಂಬುವುದಕ್ಕೂ ಪೂರ್ತಿ ತಳ್ಳಿಹಾಕುವುದಕ್ಕೂ ಭಾವನೆಗಳೇ ಜಾಸ್ತಿ ಕೆಲಸ ಮಾಡುತ್ತಿವೆ.

ಕನ್ನಡಿಗರಿಗೆ ಇದು ಇನ್ನೂ ಹತ್ತಿರದ ವಿಷಯ. ಶಿರಾ ತಾಲ್ಲೂಕಿನಿಂದ ಹೋದ ಚಂದ್ರ ಆರ್ಯ 2022ರ ಮೇ ತಿಂಗಳಲ್ಲಿ ಕೆನಡಾ ಪಾರ್ಲಿಮೆಂಟಿನಲ್ಲಿ ಕನ್ನಡದಲ್ಲಿ ಮಾತಾಡಿದಾಗ ನಾವೆಲ್ಲ ಆ ವಿಡಿಯೊ ಹಂಚಿಕೊಂಡು ಖುಷಿಪಟ್ಟಿದ್ದೆವು. 2015ರಿಂದ ಗೆಲ್ಲುತ್ತ ಬಂದಿದ್ದ ಅವರನ್ನು 2025ರಲ್ಲಿ ಲಿಬರಲ್ ಪಕ್ಷ ನಾಯಕತ್ವದ ಸ್ಪರ್ಧೆಯಿಂದ ಹೊರಗಿಟ್ಟಿತು, ಆಮೇಲೆ ನೇಪಿಯನ್ ಕ್ಷೇತ್ರದ ಟಿಕೆಟ್ಟನ್ನೂ ಹಿಂತೆಗೆದುಕೊಂಡಿತು. ಪಕ್ಷ ಜನರಿಗೆ ಕಾರಣ ಬಿಡಿಸಿ ಹೇಳಲಿಲ್ಲ. ಭಾರತ ಸರ್ಕಾರದ ಜೊತೆ ಅವರಿಗೆ ಇತ್ತೆನ್ನಲಾದ ಒಡನಾಟದ ಬಗ್ಗೆ ಗುಪ್ತಚರ ಸಂಸ್ಥೆ ಎಚ್ಚರಿಸಿತ್ತು ಅಂತ ಪತ್ರಿಕೆಯಲ್ಲಿ ಬಂತು. ಸಂಸದನಾಗಿ ರಾಜತಾಂತ್ರಿಕರನ್ನು, ನಾಯಕರನ್ನು ಭೇಟಿ ಮಾಡುವುದು ಸಹಜ, ತಪ್ಪೇನೂ ಮಾಡಿಲ್ಲ ಅಂತ ಅವರು ಹೇಳಿದರು. ಎನ್‌ಸೈಕಾಪ್ ವರದಿಗೂ ಅವರಿಗೂ ನಂಟು ಕಟ್ಟುವುದಕ್ಕೆ ಸಾರ್ವಜನಿಕವಾಗಿ ಆಧಾರ ಯಾವುದೂ ಇಲ್ಲ, ದಯವಿಟ್ಟು ಕಟ್ಟಬೇಡಿ. ನಾನು ಅವರ ರಾಜಕೀಯದ ಪರವೂ ಅಲ್ಲ, ವಿರೋಧವೂ ಅಲ್ಲ. ಆದರೆ ನೇಪಿಯನ್ ಮತದಾರರಿಗೆ ಕಾರಣ ತಿಳಿಯಬೇಕಿತ್ತು. ಆರೋಪ ಇದ್ದರೆ ಅದಕ್ಕೆ ಉತ್ತರಿಸುವ ಜಾಗ ಅವರಿಗೂ ಸಿಗಬೇಕಿತ್ತು.

ಅಂಥ ಜಾಗ ಬೇಕು ಅಂತಲೇ ನಾನು ಕೇಳುತ್ತಿರುವುದು. ಕ್ಲಿಯರೆನ್ಸ್ ಇರುವ ವಕೀಲರು, ಗೋಪ್ಯ ಸಾಕ್ಷ್ಯ ನೋಡಬಲ್ಲ ನ್ಯಾಯಾಧೀಶರು, ಆರೋಪಿಗೆ ಕನಿಷ್ಠ ಆರೋಪದ ಸಾರ ತಿಳಿಸುವ ನಿಯಮ. ಭದ್ರತೆಯ ಕಾರಣಕ್ಕೆ ವಿದೇಶಿಯರನ್ನು ಗಡೀಪಾರು ಮಾಡುವ ಪ್ರಕರಣಗಳಲ್ಲಿ ಕೆನಡಾದಲ್ಲಿ ಇಂಥ ವಿಶೇಷ ವಕೀಲರ ವ್ಯವಸ್ಥೆ ಈಗಾಗಲೇ ಇದೆ. ಸಂಸದರ ವಿಷಯಕ್ಕೂ ಹೊಂದುವ ಹಾಗೆ ಅದನ್ನು ಬೆಳೆಸಬಹುದು. ವಿದೇಶಿ ಹಸ್ತಕ್ಷೇಪ ತಡೆಯುವುದಕ್ಕೆ ತಂದ, 2024ರ ಜೂನ್ 20ರಂದು ಒಪ್ಪಿಗೆ ಪಡೆದ ಸಿ-70 ಕಾನೂನು ಹೊಸ ಅಪರಾಧಗಳನ್ನು ಸೇರಿಸಿತು, ವಿದೇಶಗಳ ಪರ ಕೆಲಸ ಮಾಡುವವರ ನೋಂದಣಿಗೆ ದಾರಿ ಮಾಡಿತು. ಅದು ಒಳ್ಳೆಯ ಹೆಜ್ಜೆ, ಆದರೆ ಗುಪ್ತಚರ ಸುಳಿವನ್ನು ಸಾಕ್ಷ್ಯವಾಗಿ ಪರೀಕ್ಷಿಸುವ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. ನಿಮ್ಮ ಸಂಸದರನ್ನು ಭೇಟಿಯಾದಾಗ ಹೆಸರು ಯಾಕೆ ಹೇಳುವುದಿಲ್ಲ ಅಂತ ಕೇಳುವ ಬದಲು ಇದನ್ನು ಕೇಳಿ.

ಕೊನೆಯದಾಗಿ ನಿಮ್ಮ ಬಳಗದವರ ಹಿಂಜರಿಕೆ. ಕೆನಡಾದ ಗುಪ್ತಚರ ಕಾನೂನಿನಲ್ಲಿ ವಿದೇಶಿ ಪ್ರಭಾವ ಅಪಾಯ ಅನ್ನಿಸಿಕೊಳ್ಳುವುದು ಅದು ದೇಶದ ಹಿತಕ್ಕೆ ವಿರುದ್ಧವಾಗಿದ್ದು, ಗುಟ್ಟಾಗಿದ್ದರೆ, ಮೋಸದಿಂದ ಕೂಡಿದ್ದರೆ, ಅಥವಾ ಯಾರಿಗಾದರೂ ಬೆದರಿಕೆ ಇದ್ದರೆ. ರಾಜ್ಯೋತ್ಸವಕ್ಕೆ ಕಾನ್ಸುಲ್ ಜನರಲ್ ಅವರನ್ನು ಕರೆದು ಹಾರ ಹಾಕುವುದು, ಒಸಿಐ (ಸಾಗರೋತ್ತರ ಭಾರತೀಯ ಪೌರತ್ವದ) ಕಾರ್ಡಿನ ಕ್ಯಾಂಪ್ ಮಾಡಿಸುವುದು, ಭಾರತದ ಯಾವುದೋ ನೀತಿಯನ್ನು ಬಹಿರಂಗವಾಗಿ ಹೊಗಳುವುದು, ತೆಗಳುವುದು, ಇದ್ಯಾವುದೂ ಅದರೊಳಗೆ ಬರುವುದಿಲ್ಲ. ಧೈರ್ಯವಾಗಿ ಹೋಗಿ. ಆದರೆ ಇಂಥ ಅಭ್ಯರ್ಥಿಗೆ ನಿಮ್ಮ ಸದಸ್ಯರ ಮತ ಹಾಕಿಸಿ, ಪಕ್ಷದ ಸದಸ್ಯತ್ವದ ಹಣ ನಾವು ಬೇರೆಯವರ ಮೂಲಕ ಕೊಡುತ್ತೇವೆ, ಯಾರಿಗೂ ಹೇಳಬೇಡಿ ಅಂತ ಯಾವ ದೇಶದ ಅಧಿಕಾರಿ ಹೇಳಿದರೂ ಒಪ್ಪಬೇಡಿ. ಇಂಥವರ ವಿರುದ್ಧ ಮಾತಾಡಿದರೆ ಊರಲ್ಲಿರುವ ನಿಮ್ಮ ಮನೆಯವರಿಗೆ ತೊಂದರೆ ಆಗಬಹುದು ಎಂಬ ಸುಳಿವು ಕೊಟ್ಟರೆ ಆ ದಿನವೇ ಬರೆದಿಟ್ಟುಕೊಂಡು ಪೊಲೀಸರಿಗೋ ಕೆನಡಾದ ಗುಪ್ತಚರ ಸಂಸ್ಥೆಯಾದ ಸಿಎಸ್‌ಐಎಸ್‌ಗೋ ತಿಳಿಸಿ. ಮತ್ತೆ, ಬಳಗದಲ್ಲಿ ಈ ವಿಷಯ ಚರ್ಚೆಗೆ ಬಂದರೆ ಎನ್‌ಸೈಕಾಪ್ ವರದಿಯಿಂದ ಶುರು ಮಾಡಬೇಡಿ. ಹೋಗ್ ಅಂತಿಮ ವರದಿಯ ಸಾರಾಂಶ ಇರುವ ಮೊದಲ ಸಂಪುಟ ಓದಿ, ಆಮೇಲೆ ಆ ನಕ್ಷತ್ರಗಳಿರುವ ಪುಟಗಳಿಗೆ ಹೋಗಿ.